ಉತ್ಸವದ ಅನುದಾನ ಮತ್ತು ಪೂರೈಕೆದಾರರ ಬಾಕಿ

ಸಂಸ್ಕೃತಿ, ಪ್ರವಾಸೋದ್ಯಮ, ಕ್ರೀಡೆ ಹಾಗೂ ಕನ್ನಡ ನುಡಿಗಾಗಿ ಸರ್ಕಾರವು ನೀಡುವ ಅನುದಾನವನ್ನು ನಮ್ಮ ವರ್ತಕ ಬಾಂಧವರು ಸಾಹಿತಿ, ಕಲಾವಿದರಿಗಷ್ಟೇ ಸಂಬಂಧಿಸಿದ ವಿಷಯವೆಂದು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. 2013ರ ಫೆಬ್ರುವರಿಯಲ್ಲಿ ಜಿಲ್ಲಾ ಕೇಂದ್ರದಲ್ಲಿ ಜರುಗಿದ 79ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವಾಗಲಿ, ತಾಲೂಕು ಮಟ್ಟದ ಕ್ರೀಡಾಕೂಟವಾಗಲಿ, ಪೆಂಡಾಲು, ಧ್ವನಿವರ್ಧಕ, ಊಟೋಪಚಾರ, ಮುದ್ರಣ, ಶಾಲು, ಸ್ಮರಣಿಕೆಗಳಿಲ್ಲದೆ ನಡೆಯದು. ಇವನ್ನೆಲ್ಲ ಒದಗಿಸುವವರು ನಾವೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ತಾಲೂಕು ಸೀಮೆಯಲ್ಲಿ ಇಂಥ ಕಾರ್ಯಗಳಿಗೆ ನೆಲೆಗಳ ಕೊರತೆಯಿಲ್ಲ. ಬಸವಣ್ಣನವರ ಜನ್ಮಸ್ಥಳ, ಆಲಮಟ್ಟಿಯ ಜಲಾಶಯ ಮತ್ತು ಉದ್ಯಾನಗಳು, ಮಡಿವಾಳ ಮಾಚಿದೇವರ ದೇವರ ಹಿಪ್ಪರಗಿ, 1565ರ ಕದನದೊಡನೆ ಹೆಸರು ಬೆಸೆದ ತಾಳಿಕೋಟಿ, ಜನಪದ ಗೀತೆಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ನೀಡಿದ ಗೆಳೆಯರ ಹಲಸಂಗಿ, ಎಲ್ಲವೂ ಇಲ್ಲಿಯವೇ. ಲೆಕ್ಕಿಗನಾದ ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದುದು ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಆ ವಿದ್ಯಾಕೇಂದ್ರದಲ್ಲಿ ದೀಪದ ವೆಚ್ಚಕ್ಕೆ ಬೇರೆ, ಅಧ್ಯಾಪಕರಿಗೆ ಬೇರೆ ಭೂಮಿಯನ್ನು ಬಿಟ್ಟುಕೊಡಲಾಗಿತ್ತು. ಮದುವೆ, ಮುಂಜಿಗಳ ಸಂದರ್ಭದಲ್ಲಿ ಊರವರೂ ಕಾಣಿಕೆ ಸಲ್ಲಿಸಬೇಕಿತ್ತು. ವೆಚ್ಚಕ್ಕೆ ಮುನ್ನವೇ ಅದರ ಮೂಲವನ್ನು ಗೊತ್ತುಪಡಿಸಿದ ಕ್ರಮವಿದು.

ಇಂದು ಕಾರ್ಯಕ್ರಮ ಮೊದಲು ಮುಗಿಯುತ್ತದೆ, ಹಣ ಬಿಡುಗಡೆ ಅನೇಕ ಬಾರಿ ತಡವಾಗುತ್ತದೆ. ಜಿಎಸ್‌ಟಿ ಮಾತ್ರ ಕಾಯುವುದಿಲ್ಲ. ನೋಂದಾಯಿತ ಪೂರೈಕೆದಾರನು ಬಿಲ್ಲು ನೀಡಿದೊಡನೆ ತೆರಿಗೆಯ ಹೊಣೆ ಹುಟ್ಟುತ್ತದೆ. ಮಾಸಿಕ ವಿವರಣ ಪತ್ರ ಸಲ್ಲಿಸುವವರು ಮರುತಿಂಗಳ 20ರೊಳಗೆ ಅದನ್ನು ಕಟ್ಟಲೇಬೇಕು. ಹೀಗೆ ಉತ್ಸವದ ವೆಚ್ಚದ ಜೊತೆಗೆ ಅದರ ತೆರಿಗೆಯನ್ನೂ ಪೆಂಡಾಲಿನವನೇ ಬಡ್ಡಿಸಾಲ ಮಾಡಿ ಹೊರುತ್ತಾನೆ. 2.5 ಲಕ್ಷ ರೂ. ಮೀರಿದ ಗುತ್ತಿಗೆಯಲ್ಲಿ ಸರ್ಕಾರಿ ಇಲಾಖೆಯು ಹಣ ಪಾವತಿಸುವಾಗ ಶೇ. 2ರಷ್ಟು ಜಿಎಸ್‌ಟಿ ಮುರಿದುಕೊಳ್ಳುತ್ತದೆ. ಅದು ನಮ್ಮ ನಗದು ಖಾತೆಗೆ ಜಮೆಯಾಗುವುದಾದರೂ ಹಲವರು ಆ ಮೊತ್ತವನ್ನು ಕ್ಲೇಮು ಮಾಡುವುದೇ ಇಲ್ಲ.

ಪರಿಹಾರ ಕಾನೂನಿನಲ್ಲಿಯೇ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನ ಮೀರದಂತೆ ಹಣ ಸಲ್ಲಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಖರೀದಿದಾರನು ಸರ್ಕಾರವೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಸ್ಮರಣಿಕೆ ತಯಾರಿಸುವವನಿಗೆ, ಊಟೋಪಚಾರದ ಸೇವೆ ನೀಡುವವನಿಗೆ ಈ ರಕ್ಷಣೆಯುಂಟು. ಶಾಲುಗಳನ್ನು ಕೊಂಡು ಮಾರುವ ವರ್ತಕನಿಗೆ ಇಲ್ಲ. 2021ರ ಜುಲೈ ಆದೇಶದಂತೆ ವರ್ತಕರ ಉದ್ಯಮ್ ನೋಂದಣಿಯು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ಈ ಭೇದ ನ್ಯಾಯಸಮ್ಮತವೆಂದು ನನಗನ್ನಿಸದು. ವಾಣಿಜ್ಯ ಸಂಸ್ಥೆಗಳು ಈ ಕುರಿತು ಕೇಂದ್ರಕ್ಕೆ ಮನವಿ ಸಲ್ಲಿಸುವುದು ಉಚಿತ.

ಉದ್ಯಮ್ ನೋಂದಣಿಯನ್ನು ಪೂರೈಕೆಗೆ ಮುನ್ನವೇ ಮಾಡಿಸತಕ್ಕದ್ದು. ಅದಕ್ಕಿಂತ ಮುಖ್ಯವಾದುದು ಕಾರ್ಯಾದೇಶ ಪತ್ರ. ಸ್ವಾಗತ ಸಮಿತಿಯ ಪದಾಧಿಕಾರಿಗಳು ದೂರವಾಣಿಯಲ್ಲಿ ಹೇಳಿದ ಮಾತಿನ ಮೇಲೆ ಕಂಬ ನೆಡಬಾರದು. ಸಮಾರಂಭ ಮುಗಿದ ಮೇಲೆ ಸಮಿತಿಯೇ ಇರುವುದಿಲ್ಲ. ಆದೇಶಕ್ಕೆ ಸಹಿ ಮಾಡುವವರು ಇಲಾಖೆಯೋ, ತಾಲೂಕು ಪಂಚಾಯಿತಿಯೋ, ಸಂಘವೋ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ ಬರುವುದು, ಮುಂಗಡವೆಷ್ಟು, ಇಷ್ಟನ್ನು ಬರಹದಲ್ಲಿ ಪಡೆದ ಬಳಿಕವೇ ಲಾರಿಗೆ ಸಾಮಾನು ಏರಿಸಬೇಕು.