ನಲವತ್ತೈದು ಡಿಗ್ರಿಯ ಭ್ರಮೆ

ಬಾಗಿಲ ಚೌಕಟ್ಟಿನ ಸುತ್ತ ಹೊಡೆಯುವ ಬೀಡಿಂಗ್ ಪಟ್ಟಿ, ಪ್ಲೈವುಡ್‌ನ ಅಂಚು ಮುಚ್ಚುವ ಸಾಗುವಾನಿ ಪಟ್ಟಿ, ಕಿಟಕಿಯ ಸುತ್ತಿನ ಅಂಚು: ಮುಂಬೈ ಫ್ಲ್ಯಾಟುಗಳಲ್ಲಿ ಮರಗೆಲಸದ ಕೊನೆಯ ಕೈ ಎಂದರೆ ಹೆಚ್ಚಾಗಿ ಇಷ್ಟೇ. ಇಷ್ಟು ಸಣ್ಣ ಕೆಲಸಕ್ಕೆ ಮಿಸ್ತ್ರಿ ಬರುವುದು ಕಷ್ಟ. ನಾವೇ ಗರಗಸ ಹಿಡಿಯೋಣ ಎನಿಸುವುದು ಸಹಜ. ಆದರೆ ಕೈ ಪಳಗುವ ಮೊದಲೇ ಕೆಲವು ನಂಬಿಕೆಗಳು ಕೆಲಸ ಕೆಡಿಸಿಬಿಡುತ್ತವೆ.

ಮೊದಲನೆಯದು, ಎರಡೂ ಪಟ್ಟಿಯನ್ನು 45 ಡಿಗ್ರಿಗೆ ಕೊಯ್ದರೆ ಮೂಲೆ ತಾನೇ ಕೂಡುತ್ತದೆ ಎಂಬುದು. ಗೋಡೆಯ ಮೂಲೆ ಸರಿಯಾಗಿ 90 ಇದ್ದರೆ ನಿಜ. ಮಾಟುಂಗಾ, ದಾದರ್‌ನ ಹಳೆಯ ಕಟ್ಟಡವಿರಲಿ, ಠಾಣೆಯ ಹೊಸ ಟವರ್ ಇರಲಿ, ಮೂಲೆಗೆ ಗುನಿಯಾ (ಮೂಲೆಮಟ್ಟ) ಇಟ್ಟು ನೋಡಿ. ಗಾರೆಯ ದಪ್ಪ ಒಂದೇ ಸಮನಿರುವುದು ಅಪರೂಪ. ಮೂಲೆ 92 ಇದ್ದರೆ ಕೊಯ್ತ 46 ಆಗಬೇಕು. ಇದಕ್ಕೆ ಉಪಕರಣವೇನೂ ಬೇಡ. ಒಂದೇ ಅಗಲದ ಎರಡು ಪಟ್ಟಿಗಳನ್ನು ಒಂದೊಂದು ಗೋಡೆಗೆ ಒತ್ತಿ, ಮೂಲೆಯಲ್ಲಿ ಒಂದರ ಮೇಲೊಂದು ಹಾಯುವಂತೆ ಇಡಿ. ಅವುಗಳ ಅಂಚುಗಳು ಒಳಗೊಮ್ಮೆ, ಹೊರಗೊಮ್ಮೆ ಸಂಧಿಸುವ ಎರಡು ಬಿಂದುಗಳನ್ನು ಗುರುತಿಸಿ ಗೆರೆ ಎಳೆಯಿರಿ. ಆ ಗೋಡೆಗೆ ಸರಿಯಾದ ಕೊಯ್ತ ಅದೇ.

ಅಷ್ಟು ಸರಿಯಾಗಿ ಕೊಯ್ದ ಮೇಲೂ ಆರು ತಿಂಗಳಿಗೆ ಮೂಲೆ ಬಿಡುತ್ತದೆ. ಆಗ ಬೈಗುಳವೆಲ್ಲ ಅಂಟಿಗೆ. ನಿಜವಾದ ಕಾರಣ ಹವೆ. ಮರ ತೇವ ಹೀರಿದಾಗ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ನಾಲ್ಕು ಅಂಗುಲದ ಸಾಗುವಾನಿ ಪಟ್ಟಿ ಒಣ ಚಳಿಗಾಲಕ್ಕೂ ಮುಂಬೈ ಮಳೆಗಾಲಕ್ಕೂ ನಡುವೆ ಸುಮಾರು ಒಂದು ಮಿಲಿಮೀಟರ್ ಅತ್ತಿತ್ತ ಆಗಬಹುದು. ಉದ್ದ ಅಷ್ಟೇ ಇದ್ದು ಅಗಲ ಮಾತ್ರ ಬದಲಾದರೆ ಕೊಯ್ತದ ಕೋನವೇ ಬದಲಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ಕೊಯ್ದ ಮೂಲೆ ಜುಲೈನಲ್ಲಿ ಹೊರಬದಿಗೆ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕೊಯ್ದದ್ದು ಜನವರಿಯಲ್ಲಿ ಒಳಬದಿಗೆ. ಬಿರುಕು ಎಲ್ಲಿದೆ ಎಂದು ನೋಡಿದರೆ ಕೆಲಸ ಯಾವ ಋತುವಿನಲ್ಲಿ ನಡೆದಿತ್ತೆಂದು ಊಹಿಸಬಹುದು! ಪಟ್ಟಿ ಅಗಲವಾದಷ್ಟೂ ಬಿರುಕು ದೊಡ್ಡದು. ಮನೆಯಲ್ಲಿ ಕಲಿಯುವವರು ಎರಡು ಅಂಗುಲದೊಳಗಿನ ಪಟ್ಟಿಯಿಂದಲೇ ಶುರು ಮಾಡುವುದು ಒಳ್ಳೆಯದು. ತಂದ ದಿನವೇ ಹೊಡೆಯದೆ, ಪಟ್ಟಿಗಳನ್ನು ಅದೇ ಕೋಣೆಯಲ್ಲಿ ಒಂದು ವಾರವಾದರೂ ಬಿಡಬೇಕು.

“ಬರ್ಮಾ ಸಾಗುವಾನಿ, ಐವತ್ತು ವರ್ಷದ ಹಳೆಯ ಮರ, ಇನ್ನೆಲ್ಲಿ ಹಿಗ್ಗೀತು?” ಕೆಡವಿದ ಕಟ್ಟಡಗಳ ಮರ ಮಾರುವವರಿಂದ ಕೇಳುವ ಮಾತು. ಹಳೆಯ ಮರ ಹಸಿಮರದಂತೆ ಸೊಟ್ಟಗಾಗದು, ನಿಜ. ಸಾಗುವಾನಿಯೂ ಬೇರೆ ಹಲವು ಮರಗಳಿಗಿಂತ ಕಡಿಮೆ ಅಲುಗುತ್ತದೆ. ಆದರೆ ಗಾಳಿಯ ತೇವ ಹೀರುವ, ಬಿಡುವ ಗುಣಕ್ಕೆ ವಯಸ್ಸಿಲ್ಲ. ಮರೈನ್ ಪ್ಲೈ ಬಗೆಗಿನ ಭರವಸೆಯೂ ಇಂಥದೇ. ಐಎಸ್ 710 ಮುದ್ರೆಯ ಪ್ಲೈವುಡ್ 72 ಗಂಟೆ ಕುದಿನೀರಿನ ಪರೀಕ್ಷೆ ತಾಳಬೇಕು. ಅಲ್ಲಿ ಪರೀಕ್ಷೆಗೊಳಗಾಗುವುದು ಪದರಗಳನ್ನು ಹಿಡಿದ ಅಂಟು. ಕೊಯ್ದ ಅಂಚನ್ನು ತೆರೆದೇ ಬಿಟ್ಟರೆ ನೀರು ಒಳಗೆ ಹೋಗಿಯೇ ಹೋಗುತ್ತದೆ. ಬೀಡಿಂಗ್ ಪಟ್ಟಿ ಅಲ್ಲಿ ಬರೀ ಅಂದಕ್ಕಲ್ಲ.

ಜೂನ್ ಕೊನೆಗೆ ಬಾಗಿಲು ಬಿಗಿಯಾದೊಡನೆ ಹತ್ತರಿ (ಇಲ್ಲಿಯ ಮಿಸ್ತ್ರಿಗಳ ರಂದಾ) ಹೊಡೆಸುವುದು ಇನ್ನೊಂದು ಅವಸರ. ಉಬ್ಬಿದಾಗ ಕೆತ್ತಿದ್ದು ಡಿಸೆಂಬರ್‌ನಲ್ಲಿ ಸಂದಾಗುತ್ತದೆ. ಮೊದಲು ಕೀಲಿನ ಸ್ಕ್ರೂ ಬಿಗಿ ಮಾಡಿ. ಎಷ್ಟೋ ಬಾರಿ ಬಾಗಿಲು ಉಬ್ಬಿರುವುದಿಲ್ಲ, ಜೋತಿರುತ್ತದೆ. ಆಮೇಲೂ ಹಿಡಿದರೆ ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ, ಸುಣ್ಣ ಹತ್ತಿದ ಜಾಗವನ್ನಷ್ಟೇ ಕೆರೆಯಿರಿ. ಮಳೆ ನಿಂತು ಒಣಗಿದ ಮೇಲೆ ಬಾಗಿಲಿನ ತಲೆ ಮತ್ತು ಬುಡದ ಅಂಚುಗಳಿಗೂ ಬಣ್ಣವೋ ಪಾಲಿಶೋ ಬಳಿಯಿರಿ. ಕಣ್ಣಿಗೆ ಬೀಳದ ಆ ಎರಡು ಅಂಚುಗಳನ್ನೇ ಎಲ್ಲರೂ ಮರೆಯುವುದು.

ಅಂಟಿನ ವಿಷಯ ಬೇಗ ಮುಗಿಸಬಹುದು. ಮುಂಬೈನ ಪಿಡಿಲೈಟ್‌ನ ಫೆವಿಕಾಲ್ ಬರುವ ಮುಂಚೆ ಬಡಗಿಗಳು ಸರೇಸ್ (ಪ್ರಾಣಿಗಳ ಚರ್ಮ, ಮೂಳೆಯ ಅಂಟು) ಕುದಿಸಿ ಹಚ್ಚುತ್ತಿದ್ದರು. ಈಗ ಡಬ್ಬಿ ತೆರೆದರಾಯಿತು ಎಂದು ಧಾರಾಳ ಸುರಿಯುತ್ತೇವೆ. ಬಿಳಿ ಅಂಟು ತೆಳುವಾಗಿ ಹರಡಿ, ಒತ್ತಿ ಹಿಡಿದಾಗಲೇ ಗಟ್ಟಿ. ಸಂದು ತುಂಬುವ ಶಕ್ತಿ ಅದಕ್ಕಿಲ್ಲ. ಮೂಲೆಯ ಕೊಯ್ತದಲ್ಲಿ ಮರದ ನಾರಿನ ತುದಿಗಳು ತೆರೆದಿದ್ದು ಅಂಟನ್ನು ಕುಡಿದುಬಿಡುತ್ತವೆ. ಆದ್ದರಿಂದ ಒಂದು ತೆಳು ಕೈ ಹಚ್ಚಿ, ಕೆಲವು ನಿಮಿಷ ಬಿಟ್ಟು, ಇನ್ನೊಂದು ಕೈ ಹಚ್ಚಿ ಕೂಡಿಸಬೇಕು.

ಮಿಷನ್ ಕೊಂಡರೆ ಕೌಶಲ ಬರುತ್ತದೆಂಬ ನಂಬಿಕೆಗೆ ನಾಗದೇವಿ ಸ್ಟ್ರೀಟಿನ ಉಪಕರಣದ ಅಂಗಡಿಗಳು ಕೃತಜ್ಞವಾಗಿರಬೇಕು. ಸೊಸೈಟಿಯಲ್ಲಿ ಮಧ್ಯಾಹ್ನ ಅದರ ಸದ್ದಾದರೆ ಕೆಳಮನೆಯವರು ಮೇಲೆ ಬರುತ್ತಾರೆ. ಕೋನಕ್ಕೆ ಸರಿಯಾಗಿ ಗರಗಸ ನಡೆಸುವ ಮರದ ಮೈಟರ್ ಬಾಕ್ಸ್, ಸಣ್ಣ ಹಲ್ಲಿನ ಗರಗಸ, ಹರಿತವಾದ ಉಳಿ ಸಾಕು. ಚೂರು ಪಟ್ಟಿಗಳಿಂದ ಸಣ್ಣ ಚೌಕಟ್ಟು ಮಾಡಿ ನೋಡಿ: ಎಂಟು ಕೊಯ್ತಗಳಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ಬಿಡುತ್ತದೆ. ಗೋಡೆಯ ಮೇಲೆ ಕಾಣದ ತಪ್ಪು ಇಲ್ಲಿ ಕಾಣುತ್ತದೆ.

ಅಳತೆ ಟೇಪಿನ ತುದಿಯ ಕೊಕ್ಕೆ ಸಡಿಲ ಇರುವುದು ದೋಷವೆಂದು ಕೆಲವರು ಸುತ್ತಿಗೆಯಿಂದ ಕುಟ್ಟಿ ಬಿಗಿ ಮಾಡುತ್ತಾರೆ. ಕೊಕ್ಕೆ ತನ್ನ ದಪ್ಪದಷ್ಟೇ ಹಿಂದೆಮುಂದೆ ಜಾರಬೇಕು. ಎಳೆದು ಅಳೆದಾಗಲೂ ಒತ್ತಿ ಅಳೆದಾಗಲೂ ಲೆಕ್ಕ ಒಂದೇ ಬರುವುದು ಆ ಸಡಿಲದಿಂದ. ಕುಟ್ಟಿದ ಟೇಪು ಎರಡರಲ್ಲೊಂದು ಅಳತೆಯನ್ನು ಸದಾ ತಪ್ಪು ಹೇಳುತ್ತದೆ.