ಯಾವ ಜೊವಾನ್ನಿಯ ಕೋಟೆ?

ನೂರು ವರ್ಷಗಳ ಹಿಂದೆ ಅಚ್ಚಾದ ಭೂಪಟದಲ್ಲಿ ಸಿಸಿಲಿ ದ್ವೀಪದ ಎನ್ನಾ ಪಟ್ಟಣವನ್ನು ಹುಡುಕಿದರೆ ಅದು ನಮಗೆ ದೊರೆಯಲಾರದು. ಆ ಸ್ಥಳದಲ್ಲಿ ‘ಕಾಸ್ತ್ರೊಜೊವಾನ್ನಿ’ ಎಂದು ಬರೆದಿರುತ್ತದೆ. ಇಟಾಲಿಯನ್ ಭಾಷೆಯಲ್ಲಿ ಇದಕ್ಕೆ ‘ಜೊವಾನ್ನಿಯ ಕೋಟೆ’ ಎಂದರ್ಥ. ಈ ಜೊವಾನ್ನಿ ಯಾರು? ಕೋಟೆ ಕಟ್ಟಿಸಿದ ಅರಸನೆ? ಊರನ್ನು ಕಾಯ್ದ ಸಂತನೆ? ಎರಡೂ ಅಲ್ಲ. ಅಂಥ ವ್ಯಕ್ತಿಯೇ ಇರಲಿಲ್ಲ. ಅವನನ್ನು ಸೃಷ್ಟಿಸಿದುದು ಜನರ ಕಿವಿ.

ದ್ವೀಪದ ನಡುವೆ, ಸುಮಾರು ೯೩೦ ಮೀಟರು ಎತ್ತರದ ಬೆಟ್ಟದ ಮೇಲಿರುವ ಈ ಊರಿನ ಪ್ರಾಚೀನ ನಾಮ ಹೆನ್ನಾ. ಕ್ರಿ.ಪೂ. ೫ನೆಯ ಶತಮಾನದಲ್ಲಿಯೇ ಅದು ತನ್ನ ನಾಣ್ಯಗಳನ್ನು ಅಚ್ಚುಹಾಕಿದ್ದಿತು. ಕಡಿದಾದ ಬಂಡೆಗಳೇ ಅದರ ರಕ್ಷಣೆ. ಕ್ರಿ.ಪೂ. ೧೩೫ರ ಸುಮಾರಿನಲ್ಲಿ ಯೂನಸ್ ಎಂಬವನ ನೇತೃತ್ವದಲ್ಲಿ ದಂಗೆಯೆದ್ದ ಗುಲಾಮರು ಹಿಡಿದುದು ಈ ಊರನ್ನೇ; ಅದನ್ನು ಮರಳಿ ಪಡೆಯಲು ರೋಮನರಿಗೆ ಕ್ರಿ.ಪೂ. ೧೩೨ರವರೆಗೆ ಹೆಣಗಬೇಕಾಯಿತು. ಇಂಥ ಊರಿಗೆ ಲ್ಯಾಟಿನ್ನಿನಲ್ಲಿ ‘ಕಾಸ್ತ್ರುಂ ಹೆನ್ನೇ’, ಎಂದರೆ ‘ಹೆನ್ನಾ ಕೋಟೆ’ ಎಂಬ ಹೆಸರು ಬಂದುದು ಸಹಜವೇ ಆಗಿದೆ.

ಕ್ರಿ.ಶ. ೮೫೯ರಲ್ಲಿ ಊರು ಅರಬರ ವಶವಾಯಿತು. ಅವರು ಕೋಟೆಗೆ ‘ಕಸ್ರ್’ ಎಂದರು. ಈ ಶಬ್ದವೂ ‘ಕಾಸ್ತ್ರುಂ’ ಎಂಬುದರಿಂದಲೇ ಹುಟ್ಟಿದುದೆಂದು ಹಲವು ವಿದ್ವಾಂಸರ ಅಭಿಪ್ರಾಯ. ‘ಹೆನ್ನಾ’ ಎಂಬುದು ಅವರ ಬಾಯಲ್ಲಿ ‘ಯಾನಿ’ ಎಂದಾಗಿ, ಊರು ‘ಕಸ್ರ್ ಯಾನಿ’ ಆಯಿತು. ೧೦೮೭ರಲ್ಲಿ ನಾರ್ಮನ್ನರು ಅದನ್ನು ಗೆದ್ದರು. ತರುವಾಯ ಲ್ಯಾಟಿನ್ ಮೂಲದ ನುಡಿಗಳನ್ನಾಡುವ ಜನರ ಕಿವಿಗೆ ‘ಯಾನಿ’ ಎಂಬ ಅಪರಿಚಿತ ಶಬ್ದವು ಚಿರಪರಿಚಿತವಾದ ‘ಜೊವಾನ್ನಿ’ಯಂತೆ ಕೇಳಿಸಿತು. ಅರ್ಥವಿಲ್ಲದ ಶಬ್ದಕ್ಕೆ ಅರ್ಥ ದೊರಕಿತು. ಆದರೆ ಅದು ನಿಜವಾದ ಅರ್ಥವಲ್ಲ.

ಅರಿಯದ ಶಬ್ದವನ್ನು ಅರಿತ ಶಬ್ದಕ್ಕೆ ಹೊಂದಿಸಿಕೊಳ್ಳುವ ಈ ಪ್ರವೃತ್ತಿಯನ್ನು ಭಾಷಾಶಾಸ್ತ್ರಜ್ಞರು ಜಾನಪದ ನಿಷ್ಪತ್ತಿ ಎನ್ನುತ್ತಾರೆ. ಇದು ಎಲ್ಲ ಭಾಷೆಗಳಲ್ಲಿಯೂ ಉಂಟು. ಆದುದರಿಂದ ಒಂದು ಹೆಸರಿನ ಇಂದಿನ ರೂಪವನ್ನಷ್ಟೇ ನೋಡಿ ಊರಿನ ಚರಿತ್ರೆಯನ್ನು ಕಟ್ಟುವುದು ಅಪಾಯಕರ. ಹಳೆಯ ನಾಣ್ಯಗಳಿಂದಲೂ ಗ್ರಂಥಗಳಿಂದಲೂ ಅದರ ಪೂರ್ವರೂಪಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಒಂದು ಮತ್ತೊಂದಾದ ಬಗೆಯನ್ನು ಪರೀಕ್ಷಿಸಬೇಕು. ಕ್ರಿ.ಪೂ. ೭೦ರಲ್ಲಿ ಸಿಸಿರೊ ತನ್ನ ಭಾಷಣಗಳಲ್ಲಿ ಹೆನ್ನಾವನ್ನು ವರ್ಣಿಸದೆ ಇದ್ದಿದ್ದರೆ, ಆ ನಾಣ್ಯಗಳೂ ಉಳಿಯದೆ ಹೋಗಿದ್ದರೆ, ನಾವು ಇಂದಿಗೂ ಜೊವಾನ್ನಿಯನ್ನೇ ಹುಡುಕುತ್ತಿದ್ದೆವೇನೋ!

೧೯೨೬ರಲ್ಲಿ ಇಟಲಿಯ ಸರ್ಕಾರವು ಪ್ರಾಚೀನ ನಾಮವನ್ನು ಮರಳಿ ತಂದು ಊರನ್ನು ಎನ್ನಾ ಎಂದು ಕರೆಯಿತು. ಭೂಪಟವು ಶುದ್ಧವಾಯಿತು, ನಿಜ. ಆದರೆ ಅರಬರೂ ನಾರ್ಮನ್ನರೂ ಆ ಬೆಟ್ಟವನ್ನೇರಿದ ಕಥೆಯನ್ನು ತನ್ನೊಳಗೆ ಇಟ್ಟುಕೊಂಡಿದ್ದುದು ಆ ‘ತಪ್ಪು’ ಹೆಸರೇ ಎಂಬುದನ್ನು ನಾವು ಮರೆಯಲಾಗದು.