ಊರ ನುಡಿ, ಊರ ಹಗೆ

ಕಾವ್ಯದ ರೀತಿಗಳನ್ನು ನಾಡುಗಳ ಹೆಸರಿನಿಂದ ಕರೆಯುವುದು ನಮ್ಮವರಿಗೆ ಹೊಸದಲ್ಲ. ವಿದರ್ಭದಿಂದ ವೈದರ್ಭಿ, ಗೌಡದೇಶದಿಂದ ಗೌಡಿ, ಪಾಂಚಾಲದಿಂದ ಪಾಂಚಾಲಿ ಎಂದು ಸಂಸ್ಕೃತದ ಆಲಂಕಾರಿಕರು ಹೆಸರಿಟ್ಟರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಉತ್ತರ ದಕ್ಷಿಣ ಮಾರ್ಗಗಳ ಭೇದವನ್ನು ವಿವರಿಸಿದುದಲ್ಲದೆ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನೆಲದ ನುಡಿಯೇ ಕನ್ನಡದ ತಿರುಳೆಂದು ಸಾರಿತು. ಒಂದು ಸೀಮೆಯ ನುಡಿ ತಿರುಳಾದರೆ ಮಿಕ್ಕ ಸೀಮೆಗಳ ನುಡಿ ಸಿಪ್ಪೆಯೆ? ಈ ಪ್ರಶ್ನೆ ಪಂಡಿತರ ಚಾವಡಿಯಲ್ಲಿ ಮಾತ್ರ ಏಳತಕ್ಕದ್ದೆಂದು ಬಗೆದವರು, ಅಮೆರಿಕದ ಬಡ ಕೇರಿಗಳಲ್ಲಿ ಹುಟ್ಟಿ ಐವತ್ತು ವರ್ಷಗಳಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಹಿಪ್ ಹಾಪ್ ಎಂಬ ಹಾಡುಗಬ್ಬದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಯಾವ ಊರಿನ ನಾಲಗೆ ಪ್ರಮಾಣ ಎಂಬ ವಾದ ಅಲ್ಲಿ ಪದ್ಯಗಳಲ್ಲಿಯೇ ನಡೆದಿದೆ. ಆ ವಾದದ ಕಾವಿನಲ್ಲಿ ಇಬ್ಬರು ತರುಣ ಕವಿಗಳ ಪ್ರಾಣವೂ ಹೋಗಿದೆ.

ಹಿಪ್ ಹಾಪ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಗದ್ದಲದ ನೆನಪಾಗುವುದು ಸಹಜ. ಆದರೆ ಅದರ ಜೀವಾಳವಾದ ರ‍್ಯಾಪ್ ಮೂಲತಃ ಮಾತಿನ ಕಲೆ. ತಾಳವು ಒಂದೇ ಗತಿಯಲ್ಲಿ ನಡೆಯುತ್ತಿರಲು, ಪ್ರಾಸದಿಂದ ಪ್ರಾಸಕ್ಕೆ ನೆಗೆಯುತ್ತ ಉಸಿರಿನ ಅಳತೆಗೆ ನುಡಿಯನ್ನು ಹೊಂದಿಸುವ ಈ ಕಲೆ ನಮ್ಮ ಆಶುಕವಿತೆಗೆ ದೂರದ ನಂಟ. 1973ನೆಯ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸಲೆಂದು ಒಂದು ನೃತ್ಯಕೂಟವನ್ನು ಏರ್ಪಡಿಸಿದಳು. ಧ್ವನಿಮುದ್ರಿಕೆಗಳನ್ನು ನುಡಿಸಿದವನು ಅವಳ ಅಣ್ಣ ಕ್ಲೈವ್. ಜನರ ಬಾಯಲ್ಲಿ ಡಿಜೆ ಕೂಲ್ ಹರ್ಕ್. ಹಾಡಿನ ನಡುವೆ ಗಾಯನ ನಿಂತು ತಾಳವಾದ್ಯವೊಂದೇ ಉಳಿಯುವ ತುಣುಕಿಗಾಗಿ ಕುಣಿಯುವವರು ಕಾದಿರುವುದನ್ನು ಅವನು ಗಮನಿಸಿದ್ದ. ಎರಡು ಯಂತ್ರಗಳ ಮೇಲೆ ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಬೆಳೆಸುವ ಕ್ರಮವನ್ನು ರೂಢಿಗೆ ತಂದ. ಅದರ ಮೇಲೆ ನೆರೆದವರ ಹೆಸರನ್ನೂ ಬೀದಿಯ ಹೆಸರನ್ನೂ ಕೂಗಿ ಹುರಿದುಂಬಿಸುತ್ತಿದ್ದ ಮಾತುಗಳೇ ಮುಂದೆ ಪದ್ಯಗಳಾಗಿ ಬೆಳೆದುವು. ನಮ್ಮ ವಚನಕಾರರಿಗೂ ದಾಸರಿಗೂ ದೇವರ ಹೆಸರು ಅಂಕಿತವಾಗಿದ್ದಂತೆ ಈ ಕವಿಗಳಿಗೆ ಮೊದಲಿನಿಂದಲೂ ಊರೇ ಅಂಕಿತ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಹರ್ಕ್ ಬ್ರಾಂಕ್ಸಿನಲ್ಲಿ ಹುಟ್ಟಿದವನಲ್ಲ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, 1967ರಲ್ಲಿ, ಹನ್ನೆರಡರ ಪ್ರಾಯದಲ್ಲಿ ನ್ಯೂಯಾರ್ಕಿಗೆ ಬಂದವನು. ಬಯಲಿನಲ್ಲಿ ಭಾರಿ ಧ್ವನಿಪೆಟ್ಟಿಗೆಗಳನ್ನು ಹೂಡಿ ಹಾಡು ಹಾಕುವ ಪದ್ಧತಿ ಅವನ ಹುಟ್ಟೂರಿನದು. 1979ರಲ್ಲಿ ಈ ಕಲೆಯನ್ನು ದೇಶವೆಲ್ಲ ಕೇಳುವಂತೆ ಮಾಡಿದ ‘ರ‍್ಯಾಪರ್ಸ್ ಡಿಲೈಟ್’ ಮುದ್ರಿಕೆಯನ್ನು ಹೊರತಂದುದೂ ನದಿಯಾಚೆಯ ನ್ಯೂಜೆರ್ಸಿಯ ಒಂದು ಸಂಸ್ಥೆ. ಮೂಲಸ್ಥಾನಕ್ಕೂ ಒಂದು ಮೂಲವಿರುತ್ತದೆ. ಜಗಳದ ವೇಳೆಯಲ್ಲಿ ಇದನ್ನು ನೆನೆಯುವ ತಾಳ್ಮೆ ಮಾತ್ರ ಯಾರಿಗೂ ಇರುವುದಿಲ್ಲ.

ಮೊದಲ ದೊಡ್ಡ ಕಲಹ ನಡೆದುದು ಒಂದೇ ನಗರದ ಎರಡು ಕೇರಿಗಳ ನಡುವೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿಗಳ ಬಹುದೊಡ್ಡ ಸಮುಚ್ಚಯವಿದೆ. ಅಲ್ಲಿಯ ಎಂ. ಸಿ. ಶಾನ್ ಮತ್ತು ಮಾರ್ಲಿ ಮಾರ್ಲ್ ಎಂಬುವರು ‘ದಿ ಬ್ರಿಜ್’ ಎಂಬ ಹಾಡಿನಲ್ಲಿ ತಮ್ಮ ಕೇರಿಯಲ್ಲಿ ಈ ಕಲೆ ಹೇಗೆ ಮೊದಲಾಯಿತೆಂಬುದನ್ನು ಬಣ್ಣಿಸಿದರು. ಕಲೆಯೇ ಅಲ್ಲಿ ಹುಟ್ಟಿತೆಂದು ಇವರು ಹೇಳುತ್ತಿದ್ದಾರೆಂದು ಬ್ರಾಂಕ್ಸಿನವರು ತಿಳಿದರು. ಕೆಆರ್‌ಎಸ್-ಒನ್ ಎಂಬ ತರುಣ ತನ್ನ ಬೂಗಿ ಡೌನ್ ಪ್ರೊಡಕ್ಷನ್ಸ್ ತಂಡದೊಡನೆ 1986ರಲ್ಲಿ ‘ಸೌತ್ ಬ್ರಾಂಕ್ಸ್’ ಎಂಬ ಹಾಡನ್ನೂ, 1987ರಲ್ಲಿ ‘ದಿ ಬ್ರಿಜ್ ಈಸ್ ಓವರ್’ ಎಂಬುದನ್ನೂ ಹೊರಡಿಸಿದ. ಮೊದಲನೆಯದು ಬ್ರಾಂಕ್ಸಿನ ಸ್ಥಳಪುರಾಣ. ಎರಡನೆಯದು ಎದುರಾಳಿಯ ಮೇಲಣ ತೀಕ್ಷ್ಣ ವಿಡಂಬನೆ. ತಾನು ಹೇಳಿದ್ದು ತನ್ನ ಕೇರಿಯ ಕಥೆಯನ್ನಷ್ಟೇ ಎಂದು ಶಾನ್ ಬಳಿಕ ವಿವರಿಸಿದರೂ ಕೇಳುವವರಿರಲಿಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಪಂಥಗಳ ಸವಾಲು-ಜವಾಬಿನ ಹಾಡುಗಳನ್ನು ಕೇಳಿದವರಿಗೆ ಈ ಕಲಹದ ಸೊಗಸು ತಾನಾಗಿಯೇ ತಿಳಿದೀತು. ಎದುರಾಳಿಯ ಪಟ್ಟು ಬಿಗಿಯಾದಷ್ಟೂ ಹಾಡಿಗೆ ಕಳೆ ಏರುತ್ತದೆ. ಸೋತಿತೆನ್ನಲಾದ ಕ್ವೀನ್ಸ್‌ಬ್ರಿಜ್ಜಿನಿಂದಲೇ 1994ರಲ್ಲಿ ನಾಸ್ ಎಂಬ ಇಪ್ಪತ್ತರ ತರುಣನ ‘ಇಲ್‌ಮ್ಯಾಟಿಕ್’ ಹೊರಬಂದು, ಈ ಕಲೆಯ ಶ್ರೇಷ್ಠ ಕೃತಿಗಳಲ್ಲೊಂದೆನಿಸಿತು. ಅಲ್ಲಿಗೆ ಗೆದ್ದವರಾರು, ಸೋತವರಾರು?

ಈ ವೇಳೆಗೆ ಪಶ್ಚಿಮ ಕರಾವಳಿ ಎಚ್ಚತ್ತಿತ್ತು. 1988ರಲ್ಲಿ ಲಾಸ್ ಏಂಜಲೀಸಿನ ನೆರೆಯ ಕಾಂಪ್ಟನ್ನಿನ ಎನ್‌ಡಬ್ಲ್ಯುಎ ತಂಡ ತನ್ನ ಊರಿನ ಹೆಸರನ್ನೇ ಶೀರ್ಷಿಕೆಯಲ್ಲಿ ಇಟ್ಟು ‘ಸ್ಟ್ರೇಟ್ ಔಟಾ ಕಾಂಪ್ಟನ್’ ಎಂಬ ಗುಚ್ಛವನ್ನು ಹೊರತಂದಿತು. ಪೊಲೀಸರ ದಬ್ಬಾಳಿಕೆ, ಬೀದಿಗುಂಪುಗಳ ಕ್ರೌರ್ಯಗಳನ್ನು ಅದು ಮುಚ್ಚುಮರೆಯಿಲ್ಲದೆ ಆಡಿತು. ಆ ತಂಡದಿಂದ ಹೊರಬಂದ ಡಾಕ್ಟರ್ ಡ್ರೇ 1992ರಲ್ಲಿ ‘ದಿ ಕ್ರಾನಿಕ್’ ಎಂಬುದನ್ನು ರಚಿಸಿದಾಗ ರಾಗದ ಹಂದರವೇ ಬದಲಾಯಿತು. ನ್ಯೂಯಾರ್ಕ್ ಭೂಗತ ರೈಲುಗಳ ನಗರ, ಒತ್ತೊತ್ತಾದ ಕಾಲುದಾರಿಗಳ ನಗರ. ಅದರ ಹಾಡು ಹಳೆಯ ಮುದ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಜೋಡಿಸಿದ ಒರಟು ತಾಳ, ಇಡಿಕಿರಿದ ಪ್ರಾಸ. ಲಾಸ್ ಏಂಜಲೀಸ್ ಅಗಲ ರಸ್ತೆಗಳ, ಮೋಟಾರು ಕಾರುಗಳ ಊರು. ಅಲ್ಲಿಯ ಹಾಡು ನಿಧಾನವಾಗಿ ಹರಿಯುವ ತಗ್ಗುಸ್ವರ, ಮೇಲೆ ತೇಲುವ ಸಿಂಥಸೈಜರಿನ ಎಳೆ. ಹಾಡು ಊರಿನ ನಡಿಗೆಯನ್ನು ಕಲಿತಿತ್ತು. ಮೂಲಸ್ಥಾನವೆಂಬ ಹೆಮ್ಮೆಯಲ್ಲಿದ್ದ ನ್ಯೂಯಾರ್ಕಿಗೆ ಈ ಗೆಲವು ಸಹನೆಯಾಗಲಿಲ್ಲ.

ಮುಂದಿನದು ದುಃಖದ ಕಥೆ. ಪೂರ್ವದ ಬ್ಯಾಡ್ ಬಾಯ್, ಪಶ್ಚಿಮದ ಡೆತ್ ರೋ ಎಂಬ ಎರಡು ಧ್ವನಿಮುದ್ರಣ ಸಂಸ್ಥೆಗಳ ಸ್ಪರ್ಧೆ ಎರಡು ಕರಾವಳಿಗಳ ಸಮರವೆಂದು ಪತ್ರಿಕೆಗಳಲ್ಲಿ ಬೆಳೆಯಿತು. ತೂಪಾಕ್ ಶಕೂರ್ 1996ನೆಯ ಸೆಪ್ಟೆಂಬರ್ 7ರಂದು ಲಾಸ್ ವೇಗಸ್ಸಿನಲ್ಲಿ ಗುಂಡೇಟು ತಿಂದು 13ರಂದು ತೀರಿಕೊಂಡ; ಅವನಿಗೆ 25 ವರ್ಷ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಕ್ರಿಸ್ಟೊಫರ್ ವಾಲೇಸ್, ಎಂದರೆ ನಟೋರಿಯಸ್ ಬಿಐಜಿ, 1997ನೆಯ ಮಾರ್ಚ್ 9ರಂದು ಲಾಸ್ ಏಂಜಲೀಸಿನ ಬೀದಿಯಲ್ಲಿ ಗುಂಡಿಗೆ ಬಲಿಯಾದ, ಅವನಿಗೆ 24. ಪಶ್ಚಿಮದ ಪತಾಕೆಯಂತಿದ್ದ ತೂಪಾಕ್ ಹುಟ್ಟಿದುದು ನ್ಯೂಯಾರ್ಕಿನಲ್ಲಿ! ಬಾಲ್ಟಿಮೋರಿನಲ್ಲಿ ಕೆಲವು ಕಾಲ ಓದಿ, 1988ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದವನು ಅವನು. ಈ ಎರಡು ಸಾವುಗಳನ್ನೂ ಕೇವಲ ಪೂರ್ವ ಪಶ್ಚಿಮಗಳ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ವ್ಯಕ್ತಿಗಳ ವೈರವೂ ಬೀದಿಗುಂಪುಗಳ ಹಗೆಯೂ ಆ ದಿನಗಳ ಗಾಳಿಯಲ್ಲಿ ಬೆರೆತಿದ್ದುವು. ಆದರೆ ಆ ಹಗೆಗೆ ಊರಿನ ಹೆಸರು ಹೊದಿಕೆಯಾಯಿತು. ಪದ್ಯಕ್ಕೆ ಪದ್ಯವೇ ಉತ್ತರವಾಗಿದ್ದ ತನಕ ಊರಿನ ಅಭಿಮಾನ ಕಾವ್ಯವನ್ನು ಬೆಳೆಸಿತು. ಕವಿಯ ಅಂಕಿತ ಸೇನೆಯ ಬಾವುಟವಾದ ಮೇಲೆ ಅದು ಕವಿಗಳನ್ನೇ ನುಂಗಿತು.

ಇಷ್ಟರಲ್ಲಿ ಇಬ್ಬರ ಕಣ್ಣಿಗೂ ಬೀಳದೆ ಮೂರನೆಯವರು ಸಭೆಗೆ ಬಂದಿದ್ದರು. 1995ನೆಯ ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ‘ದಿ ಸೋರ್ಸ್’ ಪತ್ರಿಕೆಯ ಪ್ರಶಸ್ತಿ ಸಮಾರಂಭ ನಡೆಯಿತು. ಪೂರ್ವ ಪಶ್ಚಿಮಗಳ ಮುಖಂಡರು ವೇದಿಕೆಯ ಮೇಲೆಯೇ ಒಬ್ಬರನ್ನೊಬ್ಬರು ಕೆಣಕಿದ ರಾತ್ರಿ ಅದು. ಹೊಸ ತಂಡಕ್ಕೆ ಸಲ್ಲುವ ಪ್ರಶಸ್ತಿ ದಕ್ಷಿಣದ ಅಟ್ಲಾಂಟಾ ನಗರದ ‘ಔಟ್‌ಕ್ಯಾಸ್ಟ್’ ಎಂಬ ಜೋಡಿಗೆ ಬಂದಾಗ ಸಭೆ ಕೂಗಿ ಅಣಕಿಸಿತು. ಜೋಡಿಯಲ್ಲೊಬ್ಬನಾದ ಆಂಡ್ರೆ ಬೆಂಜಮಿನ್ ಇಪ್ಪತ್ತರ ಹುಡುಗ. ದಕ್ಷಿಣಕ್ಕೂ ಹೇಳುವುದೊಂದಿದೆ ಎಂಬ ಅರ್ಥದ ಒಂದೇ ಮಾತನ್ನಾಡಿ ಕೆಳಗಿಳಿದ. ಅಂದಿನ ವೀರಾಲಾಪಗಳೆಲ್ಲ ಮುಂದೆ ವಿಷಾದಕ್ಕೆ ಕಾರಣವಾದುವು; ಈ ಹುಡುಗನ ಮಾತು ಮಾತ್ರ ಫಲಿಸಿತು.

ದಕ್ಷಿಣದವರನ್ನು ಆ ಸಭೆ ಏಕೆ ಹಳಿಯಿತು? ಅವರ ಉಚ್ಚಾರಣೆ ಎಳೆತದ್ದು, ಗತಿ ನಿಧಾನದ್ದು. ನ್ಯೂಯಾರ್ಕಿನ ಕಿವಿಗೆ ಅದು ಹಳ್ಳಿಯ ಒರಟು ನುಡಿ. ಆದರೆ ಚರಿತ್ರೆ ಬೇರೊಂದನ್ನು ಹೇಳುತ್ತದೆ. ಸುಮಾರು 1910ರಿಂದ 1970ರವರೆಗೆ ಅರುವತ್ತು ಲಕ್ಷದಷ್ಟು ಕಪ್ಪುಜನರು ದಕ್ಷಿಣದ ಹೊಲಗಳನ್ನೂ ಅಲ್ಲಿಯ ಕ್ರೌರ್ಯವನ್ನೂ ಬಿಟ್ಟು ಉತ್ತರದ ಹಾಗೂ ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಅಂದು ಕೂಗಿದವರಲ್ಲಿ ಅನೇಕರ ಅಜ್ಜಿ ಅಜ್ಜಂದಿರು ಆಡಿದುದು ಅದೇ ಎಳೆತದ ನುಡಿಯನ್ನು. ಅವರು ನಕ್ಕದ್ದು ತಮ್ಮ ಮನೆಯ ಹಿರಿಯರ ನಾಲಗೆಯನ್ನು ನೋಡಿ.

ಅಟ್ಲಾಂಟಾದವರು ನ್ಯೂಯಾರ್ಕಿನ ಉಚ್ಚಾರಣೆಯನ್ನು ಅಭ್ಯಾಸ ಮಾಡಿ ಮೆಚ್ಚುಗೆ ಗಳಿಸಲು ಹೊರಡಲಿಲ್ಲವೆಂಬುದೇ ಅವರ ಹಿರಿಮೆ. ರಿಕೊ ವೇಡ್ ಎಂಬವನ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಒಂದು ಗುಂಪು ಕೂಡುತ್ತಿತ್ತು. ಆ ಜಾಗವನ್ನು ಅವರು ‘ಡಂಜನ್’, ಎಂದರೆ ನೆಲಸೆರೆ, ಎನ್ನುತ್ತಿದ್ದರು. ಔಟ್‌ಕ್ಯಾಸ್ಟ್, ಗೂಡಿ ಮಾಬ್ ತಂಡಗಳು ರೂಪುಗೊಂಡುದು ಅಲ್ಲಿ. ಚರ್ಚಿನ ಗಾಯನ, ಅಡುಗೆಮನೆಯ ಮಾತು, ಕೆಮ್ಮಣ್ಣಿನ ನೆನಪು ಎಲ್ಲವೂ ಅವರ ಹಾಡಿಗೆ ಬಂದುವು. 1998ರಲ್ಲಿ ಅವರ ‘ಅಕ್ವೆಮಿನೈ’ ಗುಚ್ಛಕ್ಕೆ ‘ದಿ ಸೋರ್ಸ್’ ಪತ್ರಿಕೆಯೇ ಐದಕ್ಕೆ ಐದು ಅಂಕ ಕೊಟ್ಟಿತು. 2004ರಲ್ಲಿ ವರ್ಷದ ಅತ್ಯುತ್ತಮ ಗೀತಗುಚ್ಛವೆಂಬ ಗ್ರ್ಯಾಮಿ ಪ್ರಶಸ್ತಿಯೂ ಔಟ್‌ಕ್ಯಾಸ್ಟಿಗೆ ಸಂದಿತು. ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಹಾಡಿನ ವೇಗವನ್ನೇ ತಗ್ಗಿಸಿ ಹೊಸ ರಸವನ್ನು ತೆಗೆದ. ನ್ಯೂ ಆರ್ಲಿಯನ್ಸ್, ಮೆಂಫಿಸ್‌ಗಳ ತಂಡಗಳು ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ತಮ್ಮ ಮುದ್ರಿಕೆಗಳನ್ನು ತಾವೇ ಮಾರಿ ಬೆಳೆದುವು. ಉತ್ತರದ ಬಾಗಿಲು ತೆರೆಯದೆ ಇದ್ದುದರಿಂದಲೇ ದಕ್ಷಿಣದವರು ತಮ್ಮದೇ ಸಂತೆಯನ್ನು ಕಟ್ಟಿಕೊಂಡರು. 2006ರಲ್ಲಿ ನಾಸ್ ‘ಹಿಪ್ ಹಾಪ್ ಈಸ್ ಡೆಡ್’ ಎಂಬ ಗುಚ್ಛದಲ್ಲಿ ಈ ಕಲೆ ಸತ್ತಿತೆಂದು ಸಾರಿದಾಗ ದಕ್ಷಿಣದ ಹಲವರು ಅದನ್ನು ತಮ್ಮ ಮೇಲಣ ದೂರೆಂದೇ ತಿಳಿದರು. ಒಂದು ಕಾಲಕ್ಕೆ ಸೋತ ಕೇರಿಯ ಮಗನೇ ಈಗ ತೀರ್ಪುಗಾರ! ಕಲೆಯೇನೋ ಸತ್ತಿರಲಿಲ್ಲ, ಮನೆ ಬದಲಾಯಿಸಿತ್ತು.

ಆ ಮೇಲಿನ ಪಯಣವಂತೂ ಇನ್ನೂ ವಿಚಿತ್ರ. ಅಟ್ಲಾಂಟಾದಲ್ಲಿ ಬೆಳೆದ ‘ಟ್ರ್ಯಾಪ್’ ಶೈಲಿಯ ತಾಳದಿಂದ ಚಿಕಾಗೊ ನಗರದ ದಕ್ಷಿಣ ಕೇರಿಗಳ ಹುಡುಗರು ‘ಡ್ರಿಲ್’ ಎಂಬ ಕರಾಳ ಶೈಲಿಯನ್ನು ರೂಪಿಸಿದರು. 2012ರಲ್ಲಿ ಚೀಫ್ ಕೀಫ್ ಎಂಬ ಹದಿಹರೆಯದವನಿಂದ ಅದು ದೇಶಕ್ಕೆ ತಿಳಿಯಿತು. ಲಂಡನ್ನಿನ ಬ್ರಿಕ್ಸ್‌ಟನ್ ಕೇರಿಯವರು ಅದನ್ನು ಎತ್ತಿಕೊಂಡು ಜಾರುವ ತಗ್ಗುಸ್ವರಗಳಿಂದ ಮಾರ್ಪಡಿಸಿದರು. 2019ರಲ್ಲಿ ಬ್ರೂಕ್ಲಿನ್ನಿನ ಪಾಪ್ ಸ್ಮೋಕ್ ಲಂಡನ್ನಿನ ವಾದ್ಯಕಾರನ ತಾಳಗಳ ಮೇಲೆ ಹಾಡಿ ಹೆಸರಾದ. ತನ್ನ ಮಗುವನ್ನೇ ಮೂಲಸ್ಥಾನವು ಅಟ್ಲಾಂಟಾ, ಚಿಕಾಗೊ, ಲಂಡನ್‌ಗಳನ್ನು ಸುತ್ತಿಸಿ ಮರಳಿ ಮನೆಗೆ ಕರೆದುಕೊಂಡಿತು. 2024ರಲ್ಲಿ ಕಾಂಪ್ಟನ್ನಿನ ಕೆಂಡ್ರಿಕ್ ಲಮಾರನಿಗೂ ಕೆನಡಾದ ಟೊರಾಂಟೊ ನಗರದ ಡ್ರೇಕನಿಗೂ ನಡೆದ ಪದ್ಯಸಮರದಲ್ಲಿಯೂ ಊರಿನ ಪ್ರಶ್ನೆಯೇ ಎದ್ದಿತು. ಡ್ರೇಕ್ ಅಟ್ಲಾಂಟಾದ ಕವಿಗಳ ಹೆಗಲೇರಿ ತನ್ನ ಲಾಭ ಮಾಡಿಕೊಂಡನೆಂಬುದು ಲಮಾರನ ಆರೋಪಗಳಲ್ಲೊಂದು. ಗಮನಿಸಬೇಕು: ಪಶ್ಚಿಮದ ಕವಿ ಉತ್ತರದ ಕವಿಯನ್ನು ಹಳಿಯುವಾಗ ಸಾಕ್ಷಿಗೆ ಕರೆದುದು ದಕ್ಷಿಣವನ್ನು. ಮೂವತ್ತು ವರ್ಷಗಳ ಹಿಂದೆ ಅಣಕಕ್ಕೆ ಗುರಿಯಾದ ಊರು ಈಗ ಪ್ರಮಾಣವಾಗಿ ನಿಂತಿತ್ತು.

ಈ ಪಯಣದ ಒಂದು ಕವಲು ನಮ್ಮ ಬೆಂಗಳೂರಿಗೂ ಬಂದಿದೆ. 2024ರಲ್ಲಿ ‘ಬಿಗ್ ಡಾಗ್ಸ್’ ಎಂಬ ಹಾಡಿನಿಂದ ದೇಶಾಂತರಗಳಲ್ಲಿ ಹೆಸರಾದ ಹನುಮಾನ್‌ಕೈಂಡ್ ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ಕಲಾವಿದನಾದವನು. ಕನ್ನಡದಲ್ಲಿಯೂ ಈಗ ರ‍್ಯಾಪ್ ಹಾಡುವ ತರುಣರು ಬಹು ಮಂದಿ. ಆದುದರಿಂದ ಯಾವ ಊರಿನ ನಾಲಗೆ ಎಂಬ ಪ್ರಶ್ನೆ ನಮ್ಮ ಮನೆಯದೂ ಆಗಿದೆ.

ಇದನ್ನು ನಾನು ತಡವಾಗಿ ತಿಳಿದೆ. ಕೆಲವು ವರ್ಷಗಳ ಹಿಂದೆ ಕಾಲೇಜಿನ ಕವಿಗೋಷ್ಠಿಗೆ ಕಲಬುರಗಿ ಕಡೆಯ ಒಬ್ಬ ವಿದ್ಯಾರ್ಥಿ ರ‍್ಯಾಪ್ ಪದ್ಯವೊಂದನ್ನು ಬರೆದು ತಂದ. ಓದಿಸುವ ಮುನ್ನ ನಾನು ಅದನ್ನು ತಿದ್ದಿದೆ. ಅವನ ‘ಹೋಗ್ಯಾನ’ ‘ಹೋಗಿದ್ದಾನೆ’ ಆಯಿತು. ‘ನಮ್ಮವ್ವ’ ‘ನನ್ನ ತಾಯಿ’ಯಾದಳು. ಗೋಷ್ಠಿಯಲ್ಲಿ ಅವನು ಓದಿದ. ಒಂದು ಸಾಲೂ ತಾಳಕ್ಕೆ ಕೂಡಲಿಲ್ಲ. ಐದು ಮಾತ್ರೆಯ ಮಾತನ್ನು ಏಳು ಮಾತ್ರೆಗೆ ಎಳೆದರೆ ತಾಳ ನಿಲ್ಲುವುದೆಲ್ಲಿ? ಛಂದಸ್ಸನ್ನು ಪಾಠ ಹೇಳುವ ನನಗೆ ಅದು ಹೊಳೆಯದೆ ಹೋಯಿತು. ಆ ಹುಡುಗ ಮತ್ತೆ ಪದ್ಯ ತರಲಿಲ್ಲ. ನ್ಯೂಯಾರ್ಕಿನ ಆ ಸಭೆಯವರು ಕೂಗಿ ಮಾಡಿದುದನ್ನು ನಾನು ಕೆಂಪು ಶಾಯಿಯಿಂದ ಮಾಡಿದ್ದೆ.

ತಿರುಳ್ಗನ್ನಡದ ಸೀಮೆಯನ್ನು ಗುರುತಿಸಿದ ‘ಕವಿರಾಜಮಾರ್ಗ’ವೇ ಇನ್ನೊಂದು ಮಾತನ್ನೂ ಹೇಳಿದೆ. ದೇಸಿ ಬೇರೆಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಂತಿಷ್ಟೆಂದು ನಿರ್ಣಯಿಸಹೊರಟರೆ ವಾಸುಕಿಯೂ ಅರಿಯಲಾರದೆ ಬೇಸತ್ತುಹೋದಾನು ಎಂಬುದು ಅದರ ಭಾವ. ಕನ್ನಡವಲ್ಲ, ಕನ್ನಡಗಳು! ವರ್ಷ ವರ್ಷವೂ ತರಗತಿಯಲ್ಲಿ ಆ ಬಹುವಚನವನ್ನು ವಿವರಿಸುತ್ತ ಬಂದಿದ್ದೇನೆ. ಈಗ ವಿವರಿಸುವಾಗಲೆಲ್ಲ, ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಹುಡುಗ ತನ್ನ ಊರಿನ ನುಡಿಯ ಹಾಳೆಯೊಂದನ್ನು ಪುಸ್ತಕದೊಳಗೆ ಮಡಿಸಿಟ್ಟುಕೊಂಡು ಕುಳಿತಿರಬಹುದೆಂದು ಕಣ್ಣು ಆ ಕಡೆಗೆ ಹೋಗುತ್ತದೆ.